ಬದನೆ ಸಸಿ ಕಡಿಯುತ್ತಿದ್ದ ಕಳ್ಳ ಸಿಕ್ಕಿದ

ಹಿತ್ತಲಲ್ಲಿ ನಾಟಿ ಮಾಡಿದ 20 ಬದನೆ ಸಸಿಗಳಲ್ಲಿ ಮೂರೇ ರಾತ್ರಿಗೆ 7 ಹೋದವು. ಎಲೆ ತಿಂದಿರಲಿಲ್ಲ. ಕಾಂಡವನ್ನು ಮಣ್ಣಿನ ಮಟ್ಟಕ್ಕೆ ಕುಡುಗೋಲಲ್ಲಿ ಕೊಯ್ದ ಹಾಗಿತ್ತು. ಇಲಿ ಇರಬೇಕು ಅಂದುಕೊಂಡು ಬೋನು ಇಟ್ಟೆ. ಬೇವಿನೆಣ್ಣೆಯನ್ನೂ ಸಿಂಪಡಿಸಿದೆ. ಎರಡೂ ಸುಮ್ನೆ ದಂಡ.

ನಾಲ್ಕನೇ ಬೆಳಿಗ್ಗೆ, ಆಗಷ್ಟೇ ಬಿದ್ದಿದ್ದ ಸಸಿಯ ಬುಡ ಕೆದಕಿದೆ. ಎರಡು ಬೆರಳಿನ ಆಳದಲ್ಲಿ ಬೂದು ಬಣ್ಣದ ದಪ್ಪ ಹುಳು! ಮುಟ್ಟಿದ ಕೂಡಲೇ ಚಕ್ಕುಲಿಯಂತೆ ಸುರುಳಿ ಸುತ್ತಿಕೊಂಡಿತು. ಇದೇ ಕಾಂಡ ಕತ್ತರಿಸುವ ಹುಳು, ಒಂದು ಜಾತಿಯ ಪತಂಗದ ಮರಿ. ಹಗಲು ಮಣ್ಣಲ್ಲಿ ಅಡಗಿರುತ್ತದೆ, ರಾತ್ರಿ ಹೊರಬಂದು ಎಳೆ ಕಾಂಡ ಕಡಿಯುತ್ತದೆ. ಎಲೆಗೆ ಬೇವಿನೆಣ್ಣೆ ಹೊಡೆದರೆ ಅದಕ್ಕೇನು, ಅಲ್ವಾ?

ಚಹಾದ ಪೇಪರ್ ಕಪ್ ತಂದು ತಳ ತೆಗೆದೆ, ಪಕ್ಕದಲ್ಲೊಂದು ಸೀಳು ಕೊಟ್ಟೆ. ಸಸಿಯ ಸುತ್ತ ಬಳೆಯಂತೆ ತೊಡಿಸಿ, ಒಂದು ಇಂಚು ಮಣ್ಣೊಳಗೆ ಒತ್ತಿ, ಸೀಳನ್ನು ಒಂದರ ಮೇಲೊಂದು ಬರುವಂತೆ ಮುಚ್ಚಿದೆ. ಕಪ್ ಹಾಕುವ ಮೊದಲು ಬುಡ ಕೆದಕಿ ಹುಳು ಆರಿಸಲೇಬೇಕು. ನಾನು ಒಂದು ಕಡೆ ಮರೆತೆ. ಕಳ್ಳನನ್ನು ಮನೆಯೊಳಗೇ ಕೂಡಿಹಾಕಿದಂತಾಯಿತು, ಆ ಸಸಿಯೂ ಹೋಯಿತು.

ಉಳಿದ ಸಸಿಗಳು ಬದುಕಿದವು. ಕಾಂಡ ಪೆನ್ಸಿಲಿನಷ್ಟು ದಪ್ಪ ಆದ ಮೇಲೆ ಕಪ್ ತೆಗೆದೆ.