ಕೆಪಾಸಿಟರ್ ಸರಿ ಇತ್ತು, ಅದರ ಕಾಲು ಉದ್ದ ಇತ್ತು

ಈ ಸಲದ ಕೊನೆ ಕೊಯ್ಲಿನ ಹೊತ್ತಿಗೆ ತೀರ್ಥಹಳ್ಳಿ ಕಡೆಯ ಒಂದು ಮನೆಯಲ್ಲಿ ಅಡಿಕೆ ಸುಲಿಯುವ ಮಷೀನಿಗೆ ವಿಎಫ್‌ಡಿ (ಮೋಟಾರಿನ ವೇಗ ಹೆಚ್ಚು ಕಡಿಮೆ ಮಾಡುವ ಸಾಧನ) ಕೂರಿಸಿಕೊಟ್ಟೆ. ಮೋಟಾರು ಚೆನ್ನಾಗಿ ಓಡಿತು. ಮಾರನೇ ದಿನ ಪಕ್ಕದ ಮನೆಯ ಅಜ್ಜ ಬಂದರು. "ತಮ್ಮಾ, ನಿನ್ನ ಮಷೀನು ಶುರುವಾದ್ರೆ ನನ್ನ ರೇಡಿಯೋ ಗುಂಯ್ ಅಂತದೆ ನೋಡು" ಅಂದರು. ಭದ್ರಾವತಿ ಆಕಾಶವಾಣಿ, 675 ಕಿಲೋಹರ್ಟ್ಸ್, ಪೂರ್ತಿ ಮುಳುಗಿತ್ತು.

ಈ ಗಲಾಟೆ ತಡೆಯಲು ನಾನೇ ಒಂದು ಫಿಲ್ಟರ್ ಕಟ್ಟಿದೆ. ಫೆರೈಟ್ ಉಂಗುರದ ಮೇಲೆ ಚೋಕ್, ಅಂದರೆ ತಂತಿ ಸುತ್ತಿದ ಕಾಯಿಲ್. ಅದರ ಎರಡೂ ಬದಿಗೆ 0.1 ಮೈಕ್ರೋಫ್ಯಾರಡ್ ಎಕ್ಸ್ ಕೆಪಾಸಿಟರ್ (ಎರಡು ಕರೆಂಟ್ ತಂತಿಗಳ ನಡುವೆ ಕೂರುವುದು). ಅರ್ಥಿಗೆ 2.2 ನ್ಯಾನೋಫ್ಯಾರಡ್ ವೈ ಕೆಪಾಸಿಟರ್. ಭದ್ರಾವತಿ ಸ್ವಚ್ಛವಾಗಿ ಕೇಳಿಸಿತು. ಆದರೆ ಅಜ್ಜ ರಾತ್ರಿ ಶಾರ್ಟ್‌ವೇವ್ ಕೇಳುವವರು, ಸುಲಿತ ನಡೆಯುವುದೂ ರಾತ್ರಿಯೇ. 25 ಮೀಟರ್ ಬ್ಯಾಂಡಿನಲ್ಲಿ, ಅಂದರೆ 12 ಮೆಗಾಹರ್ಟ್ಸ್ ಹತ್ತಿರ, ಗಲಾಟೆ ಹಾಗೇ ಇತ್ತು.

ಎಲ್ಲರೂ ಮಾಡುವ ಹಾಗೆ ಮೊದಲು ದೊಡ್ಡ ಕೆಪಾಸಿಟರ್ ಹಾಕಿ ನೋಡಿದೆ. ಏನೂ ಆಗಲಿಲ್ಲ. ಕೊನೆಗೆ ಎಲ್ಲ ಬಿಚ್ಚಿ ತಂದು ನ್ಯಾನೋವಿಎನ್‌ಎಯಲ್ಲಿ (ಬೇರೆ ಬೇರೆ ಫ್ರೀಕ್ವೆನ್ಸಿಯಲ್ಲಿ ಬಿಡಿಭಾಗ ಹೇಗೆ ವರ್ತಿಸುತ್ತದೆ ಅಂತ ಅಳೆಯುವ ಸಣ್ಣ ಉಪಕರಣ) ಒಂದೊಂದನ್ನೇ ಅಳೆದೆ. ಎಕ್ಸ್ ಕೆಪಾಸಿಟರ್ ಸುಮಾರು 2.4 ಮೆಗಾಹರ್ಟ್ಸ್‌ವರೆಗೆ ಮಾತ್ರ ಕೆಪಾಸಿಟರ್ ಆಗಿತ್ತು. ಅಲ್ಲಿಂದ ಮೇಲೆ ಅದು ಕಾಯಿಲ್! ಅದರ ಎರಡೂ ಕಾಲನ್ನು, ಅಂದರೆ ತಂತಿಯನ್ನು, ಎರಡೆರಡು ಸೆಂಟಿಮೀಟರ್ ಬಿಟ್ಟು ಬೆಸೆದಿದ್ದೆ. ತಂತಿ ಪ್ರತಿ ಮಿಲಿಮೀಟರಿಗೆ ಹೆಚ್ಚು ಕಡಿಮೆ ಒಂದು ನ್ಯಾನೋಹೆನ್ರಿ ಕಾಯಿಲ್ ಗುಣ (ಇಂಡಕ್ಟನ್ಸ್) ಸೇರಿಸುತ್ತದೆ. ಕಾಲನ್ನು ಬುಡಕ್ಕೇ ಕತ್ತರಿಸಿ ಬೆಸೆದಾಗ ಆ ಮಿತಿ 4 ಮೆಗಾಹರ್ಟ್ಸ್ ಹತ್ತಿರ ಸರಿಯಿತು.

ಅರ್ಥಿನ ಹಸಿರು ತಂತಿಯದ್ದೂ ಅದೇ ಕಥೆ. ಹತ್ತು ಸೆಂಟಿಮೀಟರ್ ಉದ್ದ ಇತ್ತು, ಅಂದರೆ ಸುಮಾರು 100 ನ್ಯಾನೋಹೆನ್ರಿ. 2.2 ನ್ಯಾನೋಫ್ಯಾರಡ್ ಜೊತೆ ಲೆಕ್ಕ ಹಾಕಿದರೆ ರೆಸೊನೆನ್ಸ್ (ಕೆಪಾಸಿಟರ್ ಕಾಯಿಲ್ ಆಗಿ ತಿರುಗುವ ಬಿಂದು) 10.7 ಮೆಗಾಹರ್ಟ್ಸ್. ಅದರ ಮೇಲೆ ವೈ ಕೆಪಾಸಿಟರ್ ಸೋಲುತ್ತಾ ಹೋಗುತ್ತದೆ. ಪೆಟ್ಟಿಗೆಯ ಪೇಂಟನ್ನು ಹೊಳೆಯುವವರೆಗೆ ಕೆರೆದು, ಕೆಪಾಸಿಟರ್ ಕಾಲನ್ನು ಸ್ಕ್ರೂವಿನ ಬುಡದಲ್ಲೇ ಕೂರಿಸಿದೆ.

ಚೋಕನ್ನು ಸಣ್ಣ ಉಂಗುರದ ಮೇಲೆ ಎರಡು ಪದರ ಸುತ್ತಿದ್ದೆ. ಮೊದಲ ಸುತ್ತು, ಕೊನೆಯ ಸುತ್ತು ಅಂಟಿಕೊಂಡಿದ್ದರೆ ಹೈ ಫ್ರೀಕ್ವೆನ್ಸಿ ನಡುವಿನ ಸುತ್ತುಗಳನ್ನೆಲ್ಲ ಬಿಟ್ಟು ಅಲ್ಲೇ ದಾಟಿಬಿಡುತ್ತದೆ. ದೊಡ್ಡ ಉಂಗುರ ತಂದು ಒಂದೇ ಪದರ ಸುತ್ತಿ, ಶುರು ಮತ್ತು ಕೊನೆಯ ನಡುವೆ ಒಂದು ಬೆರಳು ಜಾಗ ಬಿಟ್ಟೆ. ಒಂದಕ್ಕೊಂದು ಸಮಾನಾಂತರ ನಿಂತಿದ್ದ ಎಕ್ಸ್ ಕೆಪಾಸಿಟರ್‌ಗಳಲ್ಲಿ ಒಂದನ್ನು ಅಡ್ಡ ತಿರುಗಿಸಿದೆ. ಒಂದರ ಅಯಸ್ಕಾಂತ ಕ್ಷೇತ್ರ ಇನ್ನೊಂದಕ್ಕೆ ನುಗ್ಗುವುದು ಇದರಿಂದ ಕಡಿಮೆಯಾಗುತ್ತದೆ. ಒಳಬರುವ ತಂತಿಯನ್ನೂ ಹೊರಹೋಗುವ ತಂತಿಯನ್ನೂ ಅಂದವಾಗಿ ಕಾಣಲಿ ಅಂತ ಒಟ್ಟಿಗೆ ಕಟ್ಟಿದ್ದೆ. ಅದನ್ನು ಬಿಚ್ಚಿ ಎರಡು ಬದಿಗೆ ಒಯ್ದೆ. ಒಟ್ಟಿಗೆ ಕಟ್ಟಿದರೆ ಗಲಾಟೆ ಒಂದು ತಂತಿಯಿಂದ ಇನ್ನೊಂದಕ್ಕೆ ನೇರ ದಾಟಿ ಫಿಲ್ಟರ್ ಇದ್ದೂ ಇಲ್ಲದ ಹಾಗೆ, ಅಲ್ವಾ?

ಇದು ಮೇನ್ಸ್, ಅಂದರೆ ಲೈನ್ ಕರೆಂಟಿನ ಕೆಲಸ. ಎಕ್ಸ್, ವೈ ಅಂತ ಗುರುತು ಇರುವ ಕೆಪಾಸಿಟರನ್ನೇ ಹಾಕಿ, ಸುಮ್ನೆ ಕೈಗೆ ಸಿಕ್ಕಿದ್ದನ್ನು ಬೇಡ. ಕರೆಂಟ್ ತೆಗೆದ ಮೇಲೂ ಕೆಪಾಸಿಟರ್‌ನಲ್ಲಿ ಚಾರ್ಜ್ ಇರುತ್ತದೆ.

ಆ ರಾತ್ರಿ ಸುಲಿತ ನಡೆಯುತ್ತಿರುವಾಗಲೇ ಅಜ್ಜನ ಜಗುಲಿಯಲ್ಲಿ ಕೂತು ರೇಡಿಯೋ ಮುಳ್ಳು ತಿರುಗಿಸಿದೆ. 25 ಮೀಟರಿನಲ್ಲಿ ಮಾತು ಸ್ಪಷ್ಟವಾಗಿ ಕೇಳಿಸಿತು. 17 ಮೆಗಾಹರ್ಟ್ಸ್ ಮೇಲೆ ಇನ್ನೂ ಸಣ್ಣ ಸುಯ್ ಉಳಿದಿದೆ. ಮೋಟಾರಿನ ಕೇಬಲ್ ಹತ್ತಿರ ರೇಡಿಯೋ ಒಯ್ದರೆ ಜಾಸ್ತಿ ಆಗುತ್ತದೆ. ಮುಂದಿನ ವಾರ ಶೀಲ್ಡ್ ಇರುವ ಕೇಬಲ್ ಎಳೆಯುತ್ತೇನೆ ಅಂತ ಹೇಳಿ ಬಂದಿದ್ದೇನೆ.