ಆರ್‌ಸಿ ಮುಗಿದ ಗಾಡಿಯನ್ನು ಗಡಿ ದಾಟಿಸಿ ತರೋದು ಹೇಗೆ

ಮಹಾರಾಷ್ಟ್ರದ ಮಿರಜದಲ್ಲಿದ್ದ ನಮ್ಮ ಮಾಮಾನ ಹಳೇ ಬೈಕನ್ನು ಜಮಖಂಡಿಗೆ ತಂದು ನನ್ನ ಹೆಸರಿಗೆ ಮಾಡಿಸಿಕೊಳ್ಳೋಕೆ ಏಳು ತಿಂಗಳು ಹಿಡಿಯಿತು. ದಾರಿ ಏನು ದೊಡ್ಡದಲ್ಲ. ಕಾಗವಾಡ, ಅಥಣಿ ದಾಟಿದರೆ ಜಮಖಂಡಿ, ಬೆಳಿಗ್ಗೆ ಹೊರಟವರು ಮಧ್ಯಾಹ್ನದ ಊಟಕ್ಕೆ ಮನೆ ಸೇರಬಹುದು. ನಾನು ಕೆಲಸಗಳನ್ನು ಹಿಂದು ಮುಂದು ಮಾಡಿದ್ದರಿಂದ ಒಂದೇ ಗಾಡಿಯನ್ನು ಮೂರು ಸಲ ಟಾಟಾ ಏಸ್‌ಗೆ ಏರಿಸಬೇಕಾಯಿತು. ನಿಮಗೆ ಹಾಗಾಗಬಾರದು ಅಂತ ಬರೆಯುತ್ತಿದ್ದೇನೆ. ನಮ್ಮ ಕಡೆ ಕೊಲ್ಹಾಪುರ, ಸಾಂಗಲಿ, ಸೊಲ್ಲಾಪುರದಿಂದ ಗಾಡಿ ತರುವವರು ಬಹಳ ಮಂದಿ ಇದ್ದಾರೆ, ಅದರಲ್ಲಿ ಅರ್ಧ ಮಂದಿ ಮೊದಲು ಗಾಡಿ ತಂದುಬಿಡ್ತಾರೆ, ಕಾಗದ ಆಮೇಲೆ ನೋಡೋಣ ಅಂತಾರೆ.

ಮೊದಲು ನಿಮ್ಮ ಗಾಡಿ ಯಾವ ಸ್ಥಿತಿಯಲ್ಲಿದೆ ಅಂತ ತಿಳಿದುಕೊಳ್ಳಿ. ನಂಬರ್ ಪ್ಲೇಟ್ ಇದ್ದ ಮಾತ್ರಕ್ಕೆ ನೋಂದಣಿ ಇದೆ ಅಂತಲ್ಲ. ಸ್ವಂತ ಬಳಕೆಯ ಬೈಕ್, ಕಾರಿನ ಆರ್‌ಸಿಗೆ, ಅಂದರೆ ನೋಂದಣಿ ಪತ್ರಕ್ಕೆ, 15 ವರ್ಷ ಆಯುಷ್ಯ. ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. ನವೀಕರಿಸದೇ ಬಿಟ್ಟರೆ ಪ್ಲೇಟ್ ಮೇಲೆ ಎಂಎಚ್-10 ಅಂತ ಇದ್ದರೂ ಕಾನೂನಿನ ಲೆಕ್ಕದಲ್ಲಿ ಅದು ನೋಂದಣಿ ಇಲ್ಲದ ಗಾಡಿಯೇ. ಇನ್ನು ಕೆಲವು ಗಾಡಿಗಳ ನೋಂದಣಿಯನ್ನು ಆರ್‌ಟಿಓದವರೇ ರದ್ದು ಮಾಡಿರುತ್ತಾರೆ. ಗುಜರಿಗೆ ಕೊಟ್ಟಿದ್ದು ಅಂತ ದಾಖಲಾಗಿ ರದ್ದಾದ ಗಾಡಿಯನ್ನು ಎಷ್ಟೇ ಕಡಿಮೆಗೆ ಕೊಟ್ಟರೂ ಓಡಿಸೋಕೆ ಅಂತ ಕೊಳ್ಳಬೇಡಿ, ಅದನ್ನು ಮತ್ತೆ ರಸ್ತೆಗೆ ತರೋಕೆ ಆಗೋದಿಲ್ಲ. ಆರ್‌ಸಿ ಜೀವಂತ ಇದ್ದು ಬೇರೆ ರಾಜ್ಯದ ನಂಬರ್ ಅಷ್ಟೇ ಇದ್ದರೆ ನಿಮ್ಮ ಕೆಲಸ ಬಹಳ ಸಲೀಸು: ಇನ್ಶೂರೆನ್ಸ್, ಹೊಗೆ ತಪಾಸಣೆ ಸರ್ಟಿಫಿಕೇಟ್, ಲೈಸೆನ್ಸ್ ಇಟ್ಟುಕೊಂಡು ಓಡಿಸಿಕೊಂಡೇ ಬನ್ನಿ. ಎನ್‌ಒಸಿ (ಗಾಡಿ ಬೇರೆ ಕಡೆ ಒಯ್ಯೋಕೆ ಅಡ್ಡಿ ಇಲ್ಲ ಅಂತ ಹಳೇ ಆರ್‌ಟಿಓ ಕೊಡುವ ಪತ್ರ) ತಗೊಂಡ ಮೇಲೆ ಹಳೇ ನಂಬರ್ ಸತ್ತುಹೋಗುತ್ತೆ ಅಂತ ಕೆಲವರು ಹೆದರಿಸುತ್ತಾರೆ, ಹಾಗೇನಿಲ್ಲ. ಹೊಸ ನಂಬರ್ ಸಿಗುವವರೆಗೂ ಹಳೇದೇ ನಂಬರ್.

ಆರ್‌ಸಿ ಮುಗಿದಿದ್ದರೆ ಮಾತ್ರ ಗಾಡಿಯ ಚಕ್ರ ರಸ್ತೆಗೆ ತಾಗಬಾರದು. ಹತ್ತು ಕಿಲೋಮೀಟರ್ ಇರಲಿ, ರಾತ್ರಿ ಇರಲಿ, ಒಳದಾರಿ ಇರಲಿ, ಬೇಡ. ಮೋಟಾರು ವಾಹನ ಕಾಯ್ದೆಯ 39ನೇ ಕಲಮು ನೋಂದಣಿ ಇಲ್ಲದ ಗಾಡಿಯನ್ನು ಸಾರ್ವಜನಿಕ ಜಾಗದಲ್ಲಿ ಓಡಿಸಬಾರದು ಅನ್ನುತ್ತೆ, 192ನೇ ಕಲಮಿನಲ್ಲಿ ಮೊದಲ ಸಲಕ್ಕೆ 2,000ದಿಂದ 5,000 ರೂಪಾಯಿ ದಂಡ ಇದೆ. ಎರಡನೇ ಸಲಕ್ಕೆ ಜೈಲಿನ ಮಾತೂ ಇದೆ. ನನಗೆ ದಂಡಕ್ಕಿಂತ ಜಾಸ್ತಿ ಭಯ ಇರೋದು ಇನ್ಶೂರೆನ್ಸಿನದು. 2011ರಲ್ಲಿ ರಾಜಸ್ಥಾನದವರೊಬ್ಬರು ಪಂಜಾಬಿನಲ್ಲಿ ಹೊಸ ಬೊಲೆರೊ ಕೊಂಡಿದ್ದರು, ತಾತ್ಕಾಲಿಕ ನೋಂದಣಿ ಮುಗಿದ ಮೇಲೂ ಅದರಲ್ಲೇ ಜೋಧಪುರಕ್ಕೆ ಹೋದರು, ಅಲ್ಲಿ ಗಾಡಿ ಕಳುವಾಯಿತು. ಪಾಲಿಸಿ ಚಾಲ್ತಿಯಲ್ಲೇ ಇತ್ತು. ಆದರೂ ನೋಂದಣಿ ಇಲ್ಲದ ಗಾಡಿ ಓಡಿಸಿದ್ದೇ ಪಾಲಿಸಿಯ ಷರತ್ತು ಮುರಿದಂತೆ, ಪರಿಹಾರ ಇಲ್ಲ ಅಂತ 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹೊಸ ಬೊಲೆರೊಗೇ ಹೀಗಾದರೆ ನಮ್ಮ ಇಪ್ಪತ್ತು ವರ್ಷದ ಬೈಕಿಗೆ ಏನು ಸಿಗುತ್ತೆ, ಹೇಳಿ.

ಹಗ್ಗ ಕಟ್ಟಿ ಎಳೆದುಕೊಂಡು ಬರ್ತೀನಿ ಅನ್ನುವವರಿಗೂ ಒಂದು ಮಾತು. ಎಳೆಯೋದು ಕೆಟ್ಟು ನಿಂತ ಗಾಡಿಯನ್ನು ಹತ್ತಿರದ ಗ್ಯಾರೇಜಿಗೆ ಒಯ್ಯೋಕೆ ಇರೋ ಅವಕಾಶ, ಒಂದು ರಾಜ್ಯದಿಂದ ಇನ್ನೊಂದಕ್ಕೆ ತರೋಕಲ್ಲ. ಡೀಲರ್‌ಗಳ ಕೆಂಪು ಪ್ಲೇಟ್ ಯಾರಿಂದಲೋ ಇಸಕೊಂಡು ಹಚ್ಚೋದಂತೂ ಮಾಡಲೇಬೇಡಿ. ಅದು ಅವರ ವ್ಯಾಪಾರದ ಸರ್ಟಿಫಿಕೇಟಿಗೆ ಕೊಟ್ಟ ನಂಬರ್.

ರೊಕ್ಕ ಕೊಡುವ ಮೊದಲು ಸರ್ಕಾರದ ಎಂಪರಿವಾಹನ್ ಆ್ಯಪಿನಲ್ಲಿ ಗಾಡಿ ನಂಬರ್ ಹಾಕಿ ನೋಡಿ. ನೋಂದಣಿ ಯಾವ ತಾರೀಕಿನವರೆಗೆ ಇದೆ, ಇನ್ಶೂರೆನ್ಸ್ ಇದೆಯಾ, ಯಾವುದಾದರೂ ಬ್ಯಾಂಕಿನ ಸಾಲ ಇದೆಯಾ, ಎಲ್ಲ ಅಲ್ಲೇ ಕಾಣುತ್ತೆ. ನಮ್ಮ ಮಾಮಾನ ಬೈಕಿನ ನಂಬರ್ ಹಾಕಿದಾಗ ಏನೂ ಬರಲೇ ಇಲ್ಲ. ಹಳೇ ಗಾಡಿಗಳಿಗೆ ಪುಸ್ತಕದ ರೂಪದ ಆರ್‌ಸಿ ಇರ್ತಿತ್ತು ಅಲ್ವಾ, ಅವುಗಳಲ್ಲಿ ಕೆಲವು ಇನ್ನೂ ಕಂಪ್ಯೂಟರಿಗೆ ಏರಿಲ್ಲ. ಮೂಲ ಆರ್‌ಟಿಓದಲ್ಲಿ ಅದನ್ನು ವಾಹನ್ ಅನ್ನೋ ಸರ್ಕಾರಿ ಕಂಪ್ಯೂಟರ್ ವ್ಯವಸ್ಥೆಗೆ ಏರಿಸಬೇಕು, ಬ್ಯಾಕ್‌ಲಾಗ್ ಎಂಟ್ರಿ ಅಂತಾರೆ. ಇದಾಗದೇ ಮುಂದಿನ ಒಂದು ಹೆಜ್ಜೆಯೂ ಆಗೋದಿಲ್ಲ, ಹಾಗಾಗಿ ಎಲ್ಲಕ್ಕಿಂತ ಮೊದಲು ಇದನ್ನೇ ಹಿಡಿಯಿರಿ. ಆರ್‌ಸಿ ಪುಸ್ತಕ ಕಳೆದಿದ್ದರೆ ಪೊಲೀಸರ ಹತ್ತಿರ ಕಳೆದ ಬಗ್ಗೆ ಬರೆಸಿ, ಫಾರ್ಮ್ 26ರಲ್ಲಿ ನಕಲು ಆರ್‌ಸಿಗೆ ಮಾರುವವರೇ ಅರ್ಜಿ ಹಾಕಬೇಕು. ಕಳುವಿನ ಗಾಡಿ ಹೌದೋ ಅಲ್ಲವೋ ಅನ್ನೋದನ್ನು ಎನ್‌ಸಿಆರ್‌ಬಿಯ (ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ) ವೆಬ್‌ಸೈಟಿನಲ್ಲಿ ನೋಡಬಹುದು, ಅಲ್ಲಿಂದ ಒಂದು ಕಾಗದವೂ ತೆಗೆಯಬಹುದು, ಅದನ್ನು ಇಟ್ಟುಕೊಳ್ಳಿ.

ಆಮೇಲೆ ಚಾಸಿ ನಂಬರ್, ಅಂದರೆ ಗಾಡಿಯ ಚೌಕಟ್ಟಿನ ಮೇಲೆ ಒತ್ತಿದ ನಂಬರ್. ಇದನ್ನು ಬರೀ ಕಣ್ಣಿಂದ ಓದಿ ಬರಬೇಡಿ, ಪೆನ್ಸಿಲ್ ಪ್ರಿಂಟ್ ನೀವೇ ತೆಗೆಯಿರಿ. ಹೇಗಿದ್ದರೂ ಎನ್‌ಒಸಿ ಫಾರ್ಮಿಗೆ ಅದು ಬೇಕು. ಬೈಕಿನ ಹ್ಯಾಂಡಲ್ ಕುತ್ತಿಗೆ ಹತ್ತಿರ ಮಣ್ಣು, ಎಣ್ಣೆ ಸೇರಿ ದಪ್ಪ ಪದರ ಕೂತಿರುತ್ತೆ. ಸೀಮೆಎಣ್ಣೆ ಅಥವಾ ಚೂರು ಪೆಟ್ರೋಲ್ ಹಚ್ಚಿದ ಅರಿವೆಯಿಂದ ಒರೆಸಿ. ಮರಳು ಕಾಗದದಿಂದ ಜೋರಾಗಿ ಉಜ್ಜಬೇಡಿ, ಅಕ್ಷರ ಸವೆದರೆ ಇನ್‌ಸ್ಪೆಕ್ಟರ್‌ಗೆ ಅನುಮಾನ ಬರುತ್ತೆ. ತೆಳು ಬಿಳಿ ಕಾಗದವನ್ನು ನಂಬರಿನ ಮೇಲೆ ಒತ್ತಿ ಹಿಡಿದು, ಎರಡೂ ತುದಿಗೆ ಟೇಪ್ ಹಚ್ಚಿ, ಪೆನ್ಸಿಲನ್ನು ಅಡ್ಡಡ್ಡ ಮಲಗಿಸಿ ಹಗುರಾಗಿ ಉಜ್ಜುತ್ತಾ ಹೋಗಿ. ಕಪ್ಪಿನ ನಡುವೆ ಬಿಳಿ ಅಕ್ಷರ ಒಂದೊಂದಾಗಿ ಮೇಲೆ ಬರುತ್ತೆ. ನಾನು ನಾಲ್ಕನೇ ಕಾಗದಕ್ಕೆ ಸರಿಯಾಗಿ ತೆಗೆದೆ. ಮೊದಲ ಮೂರರಲ್ಲಿ ಕೊನೆಯ 8 ಮತ್ತು 3 ಒಂದೇ ಥರ ಕಾಣುತ್ತಿದ್ದವು. ಅದನ್ನು ಆರ್‌ಸಿ ಜೊತೆ ಅಕ್ಷರಕ್ಕೆ ಅಕ್ಷರ ಹೋಲಿಸಿ. ಒಂದು ಅಂಕಿ ಬೇರೆ ಬಂದರೂ ಅಲ್ಲೇ ನಿಲ್ಲಿಸಿ, ಮುಂಗಡ ಕೊಡಬೇಡಿ.

ಈಗ ನಾನು ತಪ್ಪಿದ ಜಾಗ. ಆರ್‌ಸಿ ಮುಗಿದ ಗಾಡಿಯನ್ನು ಮೊದಲು ಮನೆಗೆ ತಂದುಬಿಟ್ಟೆ, ಇಲ್ಲೇ ನವೀಕರಿಸಿದರಾಯಿತು ಅಂದುಕೊಂಡಿದ್ದೆ. ನವೀಕರಣಕ್ಕೆ ಗಾಡಿಯನ್ನು ಇನ್‌ಸ್ಪೆಕ್ಟರ್ ಎದುರು ನಿಲ್ಲಿಸಿ ತೋರಿಸಬೇಕು. ಗಾಡಿ ಇನ್ನೂ ಮಹಾರಾಷ್ಟ್ರದ ದಾಖಲೆಯಲ್ಲಿತ್ತು, ಇಲ್ಲಿನವರು ಎನ್‌ಒಸಿ ತನ್ನಿ ಅಂದರು, ಅಲ್ಲಿನವರು ಮೊದಲು ಆರ್‌ಸಿ ಚಾಲ್ತಿ ಮಾಡಿಸಿ ಅಂದರು. ಮತ್ತೆ ಟಾಟಾ ಏಸ್ ಮಾತಾಡಿ ವಾಪಸ್ ಒಯ್ದೆ. ಹಾಗಾಗಿ ಗಾಡಿ ಎಲ್ಲಿದೆಯೋ ಅಲ್ಲೇ ಇರಲಿ, ಫಾರ್ಮ್ 25 ಹಾಕಿ ಅಲ್ಲೇ ನವೀಕರಿಸಿ. 2022ರ ಏಪ್ರಿಲ್‌ನಿಂದ ಈ ಶುಲ್ಕ ಏರಿದೆ: ಬೈಕಿಗೆ 1,000, ಕಾರಿಗೆ 5,000 ರೂಪಾಯಿ. ತಡವಾದ ಪ್ರತಿ ತಿಂಗಳಿಗೆ ಬೈಕಿಗೆ 300, ಕಾರಿಗೆ 500 ಬೇರೆ. ಗಾಡಿಗೆ 20 ವರ್ಷ ದಾಟಿದ್ದರೆ 2025ರ ಆಗಸ್ಟ್‌ನಿಂದ ಬೈಕಿಗೆ 2,000, ಕಾರಿಗೆ 10,000. ತಡದ ದಂಡ ಕೂಡಿಸಿದರೆ ಹಳೇ ಬೈಕಿನ ಬೆಲೆಯನ್ನೇ ದಾಟಬಹುದು. ವ್ಯಾಪಾರ ಕುದುರಿಸುವಾಗಲೇ ಈ ಲೆಕ್ಕ ಮುಂದಿಟ್ಟು ಮಾತಾಡಿ. ಅಲ್ಲಿ ನವೀಕರಣ ಆಗಿ, ಇನ್ಶೂರೆನ್ಸ್ ಮಾಡಿಸಿದರೆ ಗಾಡಿಯನ್ನು ಲೋಡ್ ಮಾಡುವ ಖರ್ಚೇ ಉಳಿಯುತ್ತೆ, ಓಡಿಸಿಕೊಂಡು ಬರಬಹುದು.

ನವೀಕರಣದ ಬೆನ್ನಿಗೇ ಎನ್‌ಒಸಿ. ಫಾರ್ಮ್ 28, ಅದರಲ್ಲಿ ಯಾವ ಆರ್‌ಟಿಓಗೆ ಅಂತ ಸರಿಯಾಗಿ ಬರೆಸಬೇಕು. ಬೆಳಗಾವಿ ಕೆಎ-22, ಚಿಕ್ಕೋಡಿ 23, ಬೈಲಹೊಂಗಲ 24, ವಿಜಯಪುರ 28, ಬಾಗಲಕೋಟೆ 29, ಜಮಖಂಡಿ 48, ಗೋಕಾಕ 49. ನಿಮ್ಮ ಮನೆ ವಿಳಾಸ ಯಾರ ಹದ್ದಿಗೆ ಬರುತ್ತೆ ಅಂತ ಕೇಳಿಕೊಂಡು ಬರೆಸಿ. ಹೆಸರು ಬದಲಾವಣೆಯ ಫಾರ್ಮ್ 29, 30ಕ್ಕೆ ಮಾರುವವರ ಸಹಿ ಅಲ್ಲೇ ಹಾಕಿಸಿಕೊಳ್ಳಿ. ಸಾಲ ಇತ್ತಾ? ಫಾರ್ಮ್ 35 ಮತ್ತು ಬ್ಯಾಂಕಿನ ಪತ್ರ. ಮಾಲೀಕರು ತೀರಿಕೊಂಡಿದ್ದರೆ ವಾರಸುದಾರರು ಮೊದಲು ಫಾರ್ಮ್ 31ರಲ್ಲಿ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಎನ್‌ಒಸಿ ಕೈಗೆ ಬರುವವರೆಗೆ ಪೂರ್ತಿ ರೊಕ್ಕ ಕೊಡಬೇಡಿ, ಸಂಬಂಧಿಕರಾದರೂ ಅಷ್ಟೇ. ಇಷ್ಟೆಲ್ಲ ಯಾಕೆ ಅಂತ ಮಾರುವವರು ಬೇಸರ ಮಾಡಿಕೊಂಡರೆ 2018ರ ಇನ್ನೊಂದು ತೀರ್ಪಿನ ಬಗ್ಗೆ ಹೇಳಿ: ಗಾಡಿ ಎಷ್ಟು ಕೈ ಬದಲಾಗಿದ್ದರೂ ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರಕ್ಕೆ ಅವರೇ ಮಾಲೀಕರು ಅಂತ ಸುಪ್ರೀಂ ಕೋರ್ಟ್ ಹೇಳಿದೆ. ನಮ್ಮ ಮಾಮಾ ಇದನ್ನು ಕೇಳಿದ ಮರುದಿನವೇ ನನ್ನ ಜೊತೆ ಆಫೀಸಿಗೆ ಬಂದರು.

ಅಲ್ಲಿ ನವೀಕರಣ ಆಗೋ ಹಾಗೇ ಇಲ್ಲ, ಗಾಡಿ ಕೆಟ್ಟು ನಿಂತಿದೆ, ರಿಪೇರಿ ಇಲ್ಲೇ ಆಗಬೇಕು ಅಂದರೆ ಲೋಡ್ ಮಾಡಿಯೇ ತನ್ನಿ. ಹಳದಿ ಪ್ಲೇಟಿನ, ಅಂದರೆ ಬಾಡಿಗೆಗೆ ಓಡುವ, ಗಾಡಿಯನ್ನೇ ಹಿಡಿಯಿರಿ. ಟಾಟಾ ಏಸ್‌ನಂಥ, ಸರಕು ಸೇರಿ ಒಟ್ಟು ತೂಕ 3,000 ಕಿಲೋ ಒಳಗಿರುವ ಗಾಡಿಗೆ ಪರ್ಮಿಟ್ ಬೇಕಿಲ್ಲ. ಅದಕ್ಕಿಂತ ದೊಡ್ಡದಾದರೆ ಎರಡೂ ರಾಜ್ಯಕ್ಕೆ ನಡೆಯುವ ಪರ್ಮಿಟ್ ಇದೆಯಾ ಅಂತ ಕೇಳಿ. ಟ್ಯಾಂಕಿನ ಪೆಟ್ರೋಲ್ ತೆಗೆಯಿರಿ, ಬ್ಯಾಟರಿ ವೈರ್ ಬಿಚ್ಚಿ. ಬೈಕನ್ನು ಹಲಗೆ ಮೇಲೆ ಹತ್ತಿಸಿ ಮುಂದಿನ ಚಕ್ರ ಕ್ಯಾಬಿನ್ ಗೋಡೆಗೆ ತಾಗುವಂತೆ ನಿಲ್ಲಿಸಿ, ನಡುವೆ ಗೋಣಿಚೀಲ ಇಡಿ. ಹ್ಯಾಂಡಲಿನ ಎರಡೂ ಕಡೆಯಿಂದ ಹಗ್ಗ ಕೆಳಗೆ ಜಗ್ಗಿ, ಮುಂದಿನ ಶಾಕ್ ಅರ್ಧ ಕುಗ್ಗುವಷ್ಟು ಬಿಗಿದು ಕಟ್ಟಿ. ಹಗ್ಗ ಕನ್ನಡಿಗೆ, ಇಂಡಿಕೇಟರಿಗೆ ಬೇಡ.

ಡ್ರೈವರ್ ಕೈಯಲ್ಲಿ ಆರ್‌ಸಿ ನಕಲು, ಮಾರಾಟದ ಪತ್ರ, ಇಬ್ಬರ ಆಧಾರ್ ನಕಲು ಕೊಡಿ. ಜೊತೆಗೆ ಒಂದು ಹಾಳೆಯಲ್ಲಿ, ಈ ಗಾಡಿಯ ನೋಂದಣಿ ಮುಗಿದಿದೆ, ಓಡಿಸುತ್ತಿಲ್ಲ, ಇಂಥ ಊರಿಂದ ಇಂಥ ಊರಿಗೆ ಲೋಡ್ ಮಾಡಿ ಒಯ್ಯುತ್ತಿದ್ದೇವೆ ಅಂತ ಬರೆದು ಸಹಿ, ಫೋನ್ ನಂಬರ್ ಹಾಕಿ ಕೊಡಿ. ಇದು ಯಾವ ಫಾರ್ಮೂ ಅಲ್ಲ, ಆದರೆ ಗಡಿಯ ಹತ್ತಿರದ ಕೊಗನೊಳ್ಳಿಯಲ್ಲೋ ಝಳಕಿಯಲ್ಲೋ ಕಾಗವಾಡದಲ್ಲೋ ಯಾರಾದರೂ ತಡೆದು ಕೇಳಿದರೆ ಡ್ರೈವರ್ ತಬ್ಬಿಬ್ಬಾಗೋದಿಲ್ಲ. ಮೂಲ ಕಾಗದ ನಿಮ್ಮ ಹತ್ತಿರವೇ ಇರಲಿ. ಡೀಲರ್ ಹತ್ತಿರ ಕೊಂಡಿದ್ದು, ಬೆಲೆ 50,000 ರೂಪಾಯಿ ದಾಟಿದ್ದರೆ ಜಿಎಸ್‌ಟಿ ಬಿಲ್ಲು, ಸರಕು ಸಾಗಿಸೋಕೆ ಬೇಕಾದ ಇ-ವೇ ಬಿಲ್ಲು ಅವರಿಂದ ಕೇಳಿ ಪಡೆಯಿರಿ. ಬೈಕನ್ನು ರೈಲಿನ ಪಾರ್ಸೆಲ್‌ನಲ್ಲೂ ಹಾಕಬಹುದು, ಮಿರಜದಿಂದ ಬೆಳಗಾವಿಗೆ ಇದು ಚಲೋ. ಟ್ಯಾಂಕ್ ಖಾಲಿ, ಗೋಣಿಚೀಲದ ಪ್ಯಾಕಿಂಗ್, ಆರ್‌ಸಿ ಮತ್ತು ಗುರುತಿನ ಚೀಟಿಯ ನಕಲು ಬೇಕು.

ದೆಹಲಿಯ ಡೀಸೆಲ್ ಕಾರುಗಳ ಬಗ್ಗೆ ನನ್ನನ್ನು ಬಹಳ ಮಂದಿ ಕೇಳ್ತಾರೆ. ಅಲ್ಲಿ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ಗಾಡಿ ಓಡಿಸಬಾರದು ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಆದೇಶ ಬಂತು. ಅದಕ್ಕೇ ಅಲ್ಲಿ ಅವು ಅಗ್ಗವಾದವು, 2025ರಲ್ಲಿ ಕೋರ್ಟ್ ಆ ಆದೇಶವನ್ನು ಸ್ವಲ್ಪ ಸಡಿಲಿಸಿತು. ಅಗ್ಗ ಅಂತ ಹಾರಬೇಡಿ. ನಿಮ್ಮ ಊರಿನ ಆರ್‌ಟಿಓ ಹೆಸರಿಗೆ ಎನ್‌ಒಸಿ ಆಗಿರಬೇಕು, ಇಲ್ಲಿ ಆ ಮಾಡೆಲ್ ನೋಂದಣಿಗೆ ತಗೋತಾರಾ ಅಂತ ನಿಮ್ಮ ಆಫೀಸಿನಲ್ಲೇ ಮೊದಲು ಕೇಳಿರಬೇಕು, ಕಾರ್ ಕ್ಯಾರಿಯರ್ ಖರ್ಚು ಮತ್ತು ಇಲ್ಲಿನ ಟ್ಯಾಕ್ಸ್ ಕೂಡಿಸಿ ನೋಡಿರಬೇಕು. ಇನ್ನು ಸೇನೆಯ ಹರಾಜಿನಲ್ಲಿ ಕೊಂಡ ಗಾಡಿಗೆ ಸಿವಿಲ್ ನೋಂದಣಿಯೇ ಇರೋದಿಲ್ಲ. ಸೇನೆಯ ಅಧಿಕಾರಿಗಳು ಕೊಟ್ಟ ಫಾರ್ಮ್ 21ರ ಮೂಲ ಪ್ರತಿ ಇದ್ದರೆ ಹೊಸದಾಗಿ ನೋಂದಣಿಗೆ ಹಾಕಬಹುದು. ಸಾರ್ವಜನಿಕ ಹರಾಜಿನಲ್ಲಿ ಕೊಂಡ ಬೇರೆ ಗಾಡಿಗೆ ಫಾರ್ಮ್ 32, ಅದೂ 30 ದಿನದೊಳಗೆ. ಎರಡನ್ನೂ ಲೋಡ್ ಮಾಡಿಯೇ ತನ್ನಿ.

ಇಲ್ಲಿಗೆ ಬಂದ ಮೇಲೆ ಸುಮ್ನೆ ಕೂರಬೇಡಿ. ಬೇರೆ ರಾಜ್ಯದ ಗಾಡಿಗೆ 12 ತಿಂಗಳು ಅವಕಾಶ ಇದೆ ಅನ್ನೋದು ನಿಜ. ಅದು ಕೆಲಸಕ್ಕಾಗಿ ಬಂದು, ತಮ್ಮದೇ ಹೆಸರಿನ ಗಾಡಿ ಇಟ್ಟುಕೊಂಡವರಿಗೆ ಒಪ್ಪುವ ಮಾತು. ನೀವು ಕೊಂಡವರು, ಕೊಂಡ 30 ದಿನದೊಳಗೆ ಹೆಸರು ಬದಲಾವಣೆಗೆ ಹಾಕಬೇಕು. ಹೊಸ ನಂಬರಿಗೆ ಫಾರ್ಮ್ 27, ಹೆಸರಿಗೆ 30, ಎನ್‌ಒಸಿ, ಇನ್ಶೂರೆನ್ಸ್, ವಿಳಾಸದ ದಾಖಲೆ ಎಲ್ಲ ಸೇರಿಸಿ ಕೊಡಿ. ಮಾರಿದವರ ಪಾಲಿಸಿ ಚಾಲ್ತಿ ಇದ್ದರೆ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಲು ಕಂಪನಿಗೆ ಬರೆಯಿರಿ. ದೊಡ್ಡ ಖರ್ಚು ಅಂದರೆ ಕರ್ನಾಟಕದ ಜೀವಾವಧಿ ತೆರಿಗೆ. ಹೊಸ ಕಾರಿಗೆ ಬೆಲೆ ನೋಡಿ ಶೇ 13ರಿಂದ 18ರಷ್ಟು, ಅದರ ಮೇಲೆ ಸೆಸ್. ಹಳೇ ಗಾಡಿಗೆ ವಯಸ್ಸು ಏರಿದಂತೆ ಇಳಿಯುತ್ತೆ. ನೀವು ಕೊಟ್ಟ ರೊಕ್ಕದ ಮೇಲಲ್ಲ, ಗಾಡಿಯ ಮೂಲ ಬೆಲೆಯ ಮೇಲೆ ಲೆಕ್ಕ ಹಾಕ್ತಾರೆ, ಅದಕ್ಕೆ ಮೊದಲ ಮಾಲೀಕರ ಬಿಲ್ಲು ಇದ್ದರೆ ಕೇಳಿ ತಗೊಳ್ಳಿ. ತಪಾಸಣೆ ದಿನ ಆರ್‌ಸಿ ಚಾಲ್ತಿಯಲ್ಲಿ ಇಲ್ಲದಿದ್ದರೆ ಆಫೀಸಿಗೂ ಲೋಡ್ ಮಾಡಿಯೇ ಒಯ್ಯಿರಿ. ಗೇಟಿನ ಮುಂದೆಯೇ ಹಿಡಿದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಹೊಸ ನಂಬರ್ ಬಂದ ಮೇಲೆ ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ) ನಂಬರ್ ಪ್ಲೇಟ್ ಹಚ್ಚಿಸಿ.

ಕಾರಾಗಿದ್ದರೆ ಇನ್ನೊಂದು ಕೆಲಸ ಇದೆ, ಇದನ್ನು ಬಹಳ ಜನ ಬಿಟ್ಟುಬಿಡ್ತಾರೆ. ಹಳೇ ರಾಜ್ಯದಲ್ಲಿ ಪೂರ್ತಿ ಅವಧಿಗೆ ಕಟ್ಟಿದ ತೆರಿಗೆಯಲ್ಲಿ ಉಳಿದ ವರ್ಷಗಳ ಪಾಲು ವಾಪಸ್ ಕೇಳಬಹುದು. ಹೊಸ ಆರ್‌ಸಿ, ಇಲ್ಲಿ ತೆರಿಗೆ ಕಟ್ಟಿದ ರಸೀದಿ, ಎನ್‌ಒಸಿ ನಕಲು ಇಟ್ಟು ಹಳೇ ಆರ್‌ಟಿಓಗೆ ಅರ್ಜಿ ಕೊಡಬೇಕು. ಮಾರಿದವರ ಫೋನ್ ನಂಬರನ್ನು ಅಲ್ಲಿಯವರೆಗೂ ಉಳಿಸಿಕೊಂಡಿರಿ.