ಬೆಂಗಳೂರಾ, ಮುಂಬೈಯಾ? ಮೊದಲು ಊರಿನ ಕ್ಯಾಲೆಂಡರ್ ತೆಗೆಯಿರಿ

ನಮ್ಮ ಉಡುಪಿ ಕಡೆ ಇದು ಹೊಸ ಪ್ರಶ್ನೆಯೇನಲ್ಲ. ಅಜ್ಜನ ಕಾಲದವರು ಬೊಂಬಾಯಿಗೆ ಹೋಗಿ ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಅಲ್ಲಿನ ಕನ್ನಡ ಶಾಲೆಯಲ್ಲಿ ಓದಿದರು. ಈಗಿನವರು ಡಿಗ್ರಿ ಮುಗಿದ ಕೂಡಲೇ ಬೆಂಗಳೂರು ಬಸ್ಸು ಹತ್ತುತ್ತಾರೆ. ತಲೆಬಿಸಿ ಆಗುವುದು ಎರಡೂ ಕಡೆಯಿಂದ ಆಫರ್ ಬಂದಾಗ. ನಾನು ಮುಂಬೈಯಲ್ಲಿ 4 ವರ್ಷ, ಬೆಂಗಳೂರಿನಲ್ಲಿ 6 ವರ್ಷ ಇದ್ದು ಈಗ ಊರಿಗೆ ವಾಪಸ್ ಬಂದವನು. ನೆಂಟರ ಮಕ್ಕಳು ಇದನ್ನೇ ಕೇಳುತ್ತಿರುತ್ತಾರೆ, ಹಾಗಾಗಿ ಒಮ್ಮೆ ಬರೆದೇ ಬಿಡುತ್ತೇನೆ.

ಸಂಬಳದ ಲೆಕ್ಕ ಆಮೇಲೆ. ಮೊದಲು ಒಂದು ಕಾಗದ ತೆಗೆದುಕೊಂಡು, ವರ್ಷಕ್ಕೆ ಎಷ್ಟು ಸಲ ಊರಿಗೆ ಬರಲೇಬೇಕು ಅಂತ ಬರೆಯಿರಿ. ಚೌತಿ, ದೀಪಾವಳಿ, ತರವಾಡು (ಕುಟುಂಬದ ಮೂಲ) ಮನೆಯ ನೇಮ ಅಂದರೆ ಭೂತದ ಕೋಲ, ನಾಗನಿಗೆ ತಂಬಿಲದ ಪೂಜೆ, ಎರಡು ಮದುವೆ, ಒಂದು ಬೊಜ್ಜ ಅಂದರೆ ಉತ್ತರಕ್ರಿಯೆ, ಅಪ್ಪ ಅಮ್ಮನಿಗೆ ವಯಸ್ಸಾಗಿದ್ದರೆ ಆಸ್ಪತ್ರೆಗೆ ಅಂತ ಇನ್ನು ನಾಲ್ಕು. ಐದಾರು ಸಲ ಸಾಕು ಅಂತಾದರೆ ಯಾವ ಊರಾದರೂ ನಡೆಯುತ್ತದೆ. ಹತ್ತು ದಾಟಿದರೆ ಬೆಂಗಳೂರಿನ ತೂಕ ಜಾಸ್ತಿ. ಮಂಗಳೂರಿನಿಂದ ಬೆಂಗಳೂರಿಗೆ ಸುಮಾರು 350 ಕಿಲೋಮೀಟರ್. ಶುಕ್ರವಾರ ಕೆಲಸ ಮುಗಿಸಿ ರಾತ್ರಿ ಬಸ್ಸು ಹತ್ತಿದರೆ ಶನಿವಾರ ಬೆಳಗ್ಗಿನ ತಿಂಡಿ ಮನೆಯಲ್ಲಿ. ಮುಂಬೈ ಹತ್ತಿರ ಹತ್ತಿರ 900 ಕಿಲೋಮೀಟರ್. 1998ರಲ್ಲಿ ಕೊಂಕಣ ರೈಲ್ವೆ ಪೂರ್ತಿ ತೆರೆದ ಮೇಲೆ ತುಂಬ ಸುಲಭವಾಗಿದೆ ನಿಜ, ಆದರೆ ಊರಿಗೆ ಬರುವ ಮತ್ಸ್ಯಗಂಧ ರೈಲು ಮುಂಬೈಯ ಕುರ್ಲಾ ಟರ್ಮಿನಸ್ ಬಿಡುವುದು ಮಧ್ಯಾಹ್ನ. ಅಂದರೆ ಶುಕ್ರವಾರ ಅರ್ಧ ದಿನ ರಜೆ ಹೋಯಿತು. ಆ ರಜೆಯನ್ನೂ ಲೆಕ್ಕಕ್ಕೆ ಸೇರಿಸಿ.

ಆದರೆ ಹತ್ತಿರ ಅನ್ನುವುದು ಬೇಸಿಗೆಯ ಮಾತು. ಮಳೆಗಾಲದಲ್ಲಿ ಬೆಂಗಳೂರು ದಾರಿಯ ಶಿರಾಡಿ ಘಾಟಿ ಬಂದ್ ಆದರೆ ಎಲ್ಲ ವಾಹನವೂ ಚಾರ್ಮಾಡಿಗೆ, ಸಂಪಾಜೆಗೆ ತಿರುಗುತ್ತದೆ, ಅಲ್ಲಿ ಒಂದು ಮರ ಬಿದ್ದರೆ ಮುಗಿಯಿತು. 2024ರ ಜುಲೈಯಲ್ಲಿ ಎಡಕುಮೇರಿ ಹತ್ತಿರ ಹಳಿಯ ಕೆಳಗಿನ ಮಣ್ಣು ಜಾರಿ ಬೆಂಗಳೂರು ರೈಲೂ ನಿಂತಿತ್ತು. ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದ ವರ್ಷ ನಾನು ಬೆಂಗಳೂರಿನಿಂದ ಘಾಟಿ ಸುತ್ತಿಕೊಂಡು ಬರುವಷ್ಟರಲ್ಲಿ, ಮುಂಬೈಯ ದೊಡ್ಡಪ್ಪನ ಮಗ ವಿಮಾನದಲ್ಲಿ ಬಜಪೆಗೆ ಇಳಿದು ಅಪ್ಪನ ಹಾಸಿಗೆ ಪಕ್ಕದಲ್ಲಿ ಕೂತಿದ್ದ. ಹತ್ತಿರದವನು ನಾನು, ಮೊದಲು ತಲುಪಿದವನು ಅವನು. ಆದ್ದರಿಂದ ವರ್ಷಕ್ಕೆ ಎರಡು ಅರ್ಜೆಂಟ್ ವಿಮಾನ ಟಿಕೆಟಿನ ದುಡ್ಡನ್ನು ಎರಡೂ ಊರಿನ ಖರ್ಚಿಗೆ ಸೇರಿಸಿಯೇ ಹೋಲಿಸಿ.

ಇನ್ನು ದಿನದ ಓಡಾಟ. ಇಲ್ಲಿ ಊರಿಗೆ ಊರು ಹೋಲಿಸಿದರೆ ಏನೂ ತಿಳಿಯುವುದಿಲ್ಲ, ನಿಮ್ಮ ಆಫೀಸಿನ ಗೇಟಿನಿಂದ ಶುರು ಮಾಡಬೇಕು. ಮುಂಬೈಯಲ್ಲಾದರೆ ಆಫೀಸು ಲೋಕಲ್ ರೈಲಿನ ಯಾವ ಲೈನಿಗೆ ಹತ್ತಿರ ನೋಡಿ: ವೆಸ್ಟರ್ನ್, ಸೆಂಟ್ರಲ್, ಹಾರ್ಬರ್. ಮನೆಯನ್ನೂ ಅದೇ ಲೈನಿನಲ್ಲಿ, ಸ್ಟೇಷನ್ನಿಗೆ ಹತ್ತು ನಿಮಿಷ ನಡೆಯುವಷ್ಟರಲ್ಲಿ ಹುಡುಕಿ. ಲೈನ್ ಬದಲಿಸುವ ಮನೆ ಬಾಡಿಗೆ ಕಡಿಮೆ ಅಂತ ಹಿಡಿದರೆ ಲೈನ್ ಬದಲಿಸುವ ದಾದರ್ ಸ್ಟೇಷನ್ನಿನ ಸೇತುವೆ ಮೇಲೆ ಅರ್ಧ ಆಯುಷ್ಯ ಹೋಗುತ್ತದೆ. ಡೊಂಬಿವಿಲಿ, ವಸಾಯಿ, ವಿರಾರ್ ಅಂತ ದೂರ ಹೋದ ಹಾಗೆ ಬಾಡಿಗೆ ಇಳಿಯುತ್ತದೆ, ಲೋಕಲ್ ಪಾಸು ಅಗ್ಗವೇ, ಆದರೆ ರಶ್ಶು ಅಂದರೆ ಎಂತ ಅಂತ ಅಲ್ಲಿ ಗೊತ್ತಾಗುತ್ತದೆ ಮಾರಾಯ್ರೇ, ಬೋರಿವಲಿಯಲ್ಲಿ ಇಳಿಯಬೇಕಾದವನು ವಿರಾರ್ ಫಾಸ್ಟ್ ಹತ್ತಿದರೆ ವಿರಾರಿನವರು ಸುಮ್ನೆ ಬಿಡುವುದಿಲ್ಲ. ಅಷ್ಟಾದರೂ ಮುಂಬೈಯಲ್ಲಿ ಎಷ್ಟು ಹೊತ್ತಿಗೆ ಮನೆ ಮುಟ್ಟುತ್ತೇನೆ ಅಂತ ಹೇಳಬಹುದು. ಬೆಂಗಳೂರಿನಲ್ಲಿ 12 ಕಿಲೋಮೀಟರಿಗೆ ಒಂದು ದಿನ 40 ನಿಮಿಷ, ಮರುದಿನ ಮಳೆ ಬಂದರೆ ಎರಡು ಗಂಟೆ. ಮೆಟ್ರೋ ಹತ್ತಿರ ಇದ್ದರೆ ಬದುಕಿದಿರಿ: ವೈಟ್‌ಫೀಲ್ಡಿಗೆ ನೇರಳೆ ಮಾರ್ಗ ಇದೆ, ಎಲೆಕ್ಟ್ರಾನಿಕ್ ಸಿಟಿ ಕಡೆಗೆ 2025ರ ಆಗಸ್ಟ್‌ನಿಂದ ಹಳದಿ ಮಾರ್ಗ ಓಡುತ್ತಿದೆ. ಔಟರ್ ರಿಂಗ್ ರೋಡಿನ ಆಫೀಸಾದರೆ ಎರಡು ಸಾವಿರ ಜಾಸ್ತಿ ಆದರೂ ಪಕ್ಕದಲ್ಲೇ ಮನೆ ಹಿಡಿಯಿರಿ. ಮಂಗಳವಾರ ಸಂಜೆ 6 ಗಂಟೆಗೆ ಮ್ಯಾಪ್ ತೆರೆದು ನೋಡಿ, ಭಾನುವಾರ ನೋಡಿ ಮೋಸ ಹೋಗಬೇಡಿ.

ಹೆಣ್ಣುಮಕ್ಕಳಿಗೆ ಎರಡು ಮಾತು. ಶಕ್ತಿ ಯೋಜನೆಯಲ್ಲಿ ಬಿಎಂಟಿಸಿಯ ಸಾಮಾನ್ಯ ಬಸ್ಸು ಉಚಿತ. ಸಿಟಿ ಬಸ್ಸೆಲ್ಲ ಹೆಚ್ಚಾಗಿ ಖಾಸಗಿಯವರದೇ ಆದ ನಮ್ಮೂರಲ್ಲಿ ಇದರ ಬೆಲೆ ಅಷ್ಟು ಗೊತ್ತಾಗುವುದಿಲ್ಲ. ಆದರೆ ರಾತ್ರಿ 11ಕ್ಕೆ ಒಬ್ಬಳೇ ಬರುವ ಕೆಲಸವಾದರೆ ಮುಂಬೈಯೇ ವಾಸಿ ಅಂತ ಎರಡೂ ಕಡೆ ದುಡಿದ ನನ್ನ ತಂಗಿ ಹೇಳುತ್ತಾಳೆ. ಲೇಡೀಸ್ ಡಬ್ಬಿ ಇದೆ, ರಸ್ತೆಯಲ್ಲಿ ಜನ ಇರುತ್ತಾರೆ.

ಬಾಡಿಗೆ ವಿಷಯದಲ್ಲಿ ಎರಡೂ ಊರು ಬೇರೆ ಬೇರೆ ರೀತಿ ಸುಲಿಯುತ್ತವೆ. ಮುಂಬೈಯಲ್ಲಿ ಬಾಡಿಗೆಯೇ ಭಾರ, ಬೆಂಗಳೂರಿನಲ್ಲಿ ಕೊಡುವಷ್ಟೇ ದುಡ್ಡಿಗೆ ಒಂದು ರೂಮು, ಒಂದು ಅಡುಗೆಮನೆ ಸಿಕ್ಕರೆ ಪುಣ್ಯ. 11 ತಿಂಗಳ ಲೀವ್ ಆಂಡ್ ಲೈಸೆನ್ಸ್ ಅನ್ನುವ ಬಾಡಿಗೆ ಕರಾರು, ಅದರ ನೋಂದಣಿ ಕಡ್ಡಾಯ, ಮೇಲೆ ಬ್ರೋಕರಿಗೆ ಕಮಿಷನ್. 11 ತಿಂಗಳಾದ ಮೇಲೆ ಮತ್ತೆ ಅದೇ ಕಥೆ. ಬೆಂಗಳೂರಿನಲ್ಲಿ ಮನೆ ದೊಡ್ಡದು, ಅಡ್ವಾನ್ಸೂ ದೊಡ್ಡದು, ಹಲವು ತಿಂಗಳ ಬಾಡಿಗೆಯನ್ನು ಒಂದೇ ಸಲ ಎಣಿಸಬೇಕು. ವಾಪಸ್ ಕೊಡುವಾಗ ಪೇಂಟಿಂಗ್ ಅಂತ ಒಂದು ತಿಂಗಳದ್ದು ಹಿಡಿಯುತ್ತಾರೆ. ನನ್ನ ಓನರ್ ಪೇಂಟಿಗೂ ಹಿಡಿದು, ಗೋಡೆಯ ಮೊಳೆಗಳಿಗೆ ಬೇರೆ ಹಿಡಿದರು. ಮೊಳೆ ಹೊಡೆದದ್ದು ನನಗಿಂತ ಮೊದಲು ಇದ್ದವರು! ಹೋದ ದಿನವೇ ಗೋಡೆಯ ಫೋಟೋ ತೆಗೆದಿಡಿ. ಆಮೇಲೆ ನೀರು. ಕಾವೇರಿಯಾ, ಬೋರಾ, ಟ್ಯಾಂಕರಾ ಅಂತ ಓನರಿಗಲ್ಲ, ಪಕ್ಕದ ಮನೆಯವರಿಗೆ ಕೇಳಿ. ಬಾವಿಯಲ್ಲಿ ಕೊಡ ಅದ್ದಿ ಬೆಳೆದ ನಮಗೆ ಈ ಪ್ರಶ್ನೆ ಹೊಳೆಯುವುದೇ ಇಲ್ಲ, 2024ರ ಬೇಸಿಗೆಯಲ್ಲಿ ಅಲ್ಲಿದ್ದವರಿಗೆ ಚೆನ್ನಾಗಿ ನೆನಪಿರುತ್ತದೆ.

ಉಡುಪಿ ನಂಬರಿನ, ಅಂದರೆ ಕೆಎ 20 ಬೈಕನ್ನು ಬೆಂಗಳೂರಿಗೆ ಹಾಗೇ ಒಯ್ಯಬಹುದು. ಮುಂಬೈಯಲ್ಲಿ 12 ತಿಂಗಳು ದಾಟಿದರೆ ಅಲ್ಲಿನ ನಂಬರ್ ಮಾಡಿಸಬೇಕು, ತೆರಿಗೆಯೂ ಅಲ್ಲಿ ಕಟ್ಟಬೇಕು. ಮನೆಯಲ್ಲೇ ಬಿಟ್ಟು ಹೋಗಿ, ಅಲ್ಲಿ ಬೈಕು ಬೇಕಾಗುವುದೂ ಇಲ್ಲ.

ಕೆಲಸದ ಕ್ಷೇತ್ರ ಹೇಗೂ ಅರ್ಧ ತೀರ್ಮಾನ ಮಾಡಿಬಿಟ್ಟಿರುತ್ತದೆ. ಸಾಫ್ಟ್‌ವೇರ್, ಸ್ಟಾರ್ಟಪ್ ಅಂದರೆ ಬೆಂಗಳೂರು. ಸಿಎ ಮಾಡಿದವರಿಗೆ, ಷೇರು, ಬ್ಯಾಂಕು ಅನ್ನುವವರಿಗೆ ಮುಂಬೈ. ನಮ್ಮೂರಲ್ಲೇ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕು 2020ರಲ್ಲಿ ಮುಂಬೈಯ ಯೂನಿಯನ್ ಬ್ಯಾಂಕಿಗೆ ಸೇರಿತು, ಸಿಂಡಿಕೇಟ್ ಬೆಂಗಳೂರಿನ ಕೆನರಾಕ್ಕೆ. ಬ್ಯಾಂಕುಗಳೂ ನಮ್ಮ ಹುಡುಗರ ಹಾಗೇ, ಅಲ್ವಾ?

ಒಂಟಿತನದ ಲೆಕ್ಕವನ್ನು ಯಾರೂ ಹಾಕುವುದಿಲ್ಲ. ನನಗೆ ಆಶ್ಚರ್ಯ ಆದದ್ದು, ಬೆಂಗಳೂರಿಗಿಂತ ಮುಂಬೈಯಲ್ಲೇ ನಾನು ಜಾಸ್ತಿ ತುಳು ಮಾತಾಡಿದೆ. ಕುರ್ಲಾದಲ್ಲಿ ಬಂಟರ ಸಂಘ, ಮಾಟುಂಗದಲ್ಲಿ ಮೈಸೂರು ಅಸೋಸಿಯೇಷನ್, ಮಳೆಗಾಲದಲ್ಲಿ ಊರಿಂದ ಬರುವ ಯಕ್ಷಗಾನ ಮೇಳ, ಯಾವ ಸ್ಟೇಷನ್ನಿನಲ್ಲಿ ಇಳಿದರೂ ಒಬ್ಬ ಶೆಟ್ರೋ ಪೂಜಾರಿಯೋ ಸಿಗುತ್ತಾರೆ. ಬೆಂಗಳೂರಿನಲ್ಲಿ ಭಾಷೆಯ ತೊಂದರೆ ಇಲ್ಲ ಅಂತ ಹೋದೆ, ಅಲ್ಲಿ ನನ್ನ "ಎಂತ ಮಾರಾಯ" ಕೇಳಿ ಆಫೀಸಿನವರು ವರ್ಷವಿಡೀ ನಕ್ಕರು. ಮೀನು ಮುಂಬೈಯಲ್ಲಿ ತಾಜಾ. ಬೆವರೂ ನಮ್ಮೂರಿನದ್ದೇ. ಬೆಂಗಳೂರಿನ ಹವೆ ಮಾತ್ರ, ಒಪ್ಪಲೇಬೇಕು, ಎರಡು ಊರಿನ ಜಗಳವನ್ನೇ ಮರೆಸುತ್ತದೆ.

ನನ್ನನ್ನೇ ಕೇಳಿದರೆ, 25ರ ಒಳಗಿನವರು, ಮನೆಯಲ್ಲಿ ಅಪ್ಪ ಅಮ್ಮ ಗಟ್ಟಿ ಇರುವವರು ಮುಂಬೈಗೆ ಹೋಗಲಿ. ಹಿರಿಯರಿಗೆ ನೀವೊಬ್ಬರೇ ದಿಕ್ಕು ಅಂತಾದರೆ ಬೆಂಗಳೂರು. ಹೂಂ ಅನ್ನುವ ಮೊದಲು ಒಂದು ವಾರ ಅಲ್ಲಿ ಯಾರದಾದರೂ ರೂಮಿನಲ್ಲಿ ಇದ್ದು, ಆಫೀಸ್ ಹೊತ್ತಿಗೇ ಆಫೀಸಿನ ದಾರಿಯಲ್ಲಿ ಹೋಗಿ ಬನ್ನಿ. ಸಾಧ್ಯವಾದರೆ ಜುಲೈಯಲ್ಲಿ. ಮುಂಬೈಯನ್ನೇ ಆರಿಸಿದರೆ ರೈಲು ಬುಕ್ಕಿಂಗ್ 60 ದಿನ ಮೊದಲು ತೆರೆಯುತ್ತದೆ, ಚೌತಿಯ ಟಿಕೆಟಿಗೆ ಈಗಲೇ ಮೊಬೈಲಿನಲ್ಲಿ ಅಲಾರಂ ಇಡಿ. ಗಣಪತಿಗೆ ಊರಿಗೆ ಹೊರಡುವವರು ನೀವು ಮಾತ್ರ ಅಲ್ಲ, ಇಡೀ ಕೊಂಕಣವೇ ಅದೇ ಹಳಿಯ ಮೇಲೆ ಇರುತ್ತದೆ.